ಹ್ಯಾಂಡಲ್‌ಗೆ ಕಟ್ಟಿದ ಟಾರ್ಚು

ಕನಕಪುರ ರಸ್ತೆಯಿಂದ ತುರಹಳ್ಳಿ ಕಾಡಿನ ಕಡೆಗೆ ಹೊರಳುವ ದಾರಿಯಲ್ಲಿ, ಕೆಟ್ಟುಹೋದ ಎರಡು ಬೀದಿದೀಪಗಳ ನಡುವೆ, ಬಣ್ಣ ಬಳಿಯದ ಹಂಪೊಂದು ನನ್ನನ್ನು ಸೈಕಲ್ಲಿನಿಂದ ಕೆಡವಿದ ಮರುದಿನ ಸಂಜೆಯೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್.ಪಿ. ರಸ್ತೆಗೆ ಹೋದೆ. ಸೈಕಲ್ಲಿಗೆಂದೇ ಮಾಡಿದ ಒಳ್ಳೆಯ ದೀಪಗಳ ಬೆಲೆ ನನ್ನ ಹಳೆಯ ಸೈಕಲ್ಲನ್ನೇ ಅಣಕಿಸುವಂತಿದ್ದುದರಿಂದ, 700 ರೂಪಾಯಿಯೊಳಗಿನ ಕೈಟಾರ್ಚೊಂದನ್ನು ಕೊಂಡು ಹ್ಯಾಂಡಲ್‌ಗೆ ಕಟ್ಟಿಕೊಳ್ಳುವುದೆಂದು ನಿಶ್ಚಯಿಸಿದ್ದೆ.

ಅಂಗಡಿಯವರು ಮೊದಲು ತೋರಿಸಿದ್ದು ಜೂಮ್ ಟಾರ್ಚು. "ಅರ್ಧ ಕಿಲೋಮೀಟರ್ ಹೊಡೆಯುತ್ತೆ, ನೋಡಿ ಸಾರ್" ಎಂದು ಎದುರಿನ ಕಟ್ಟಡದ ಮೂರನೆಯ ಮಹಡಿಗೆ ಬೆಳಕು ಬಿಟ್ಟರು. ಸೈಕಲ್ ತುಳಿಯುವವನಿಗೆ ಮೂರನೆಯ ಮಹಡಿಯಿಂದ ಆಗಬೇಕಾದುದೇನೂ ಇಲ್ಲ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ಲು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಗುಂಡಿ ಹತ್ತು ಮೀಟರ್ ದೂರದಲ್ಲಿ ಕಂಡರೆ ಬ್ರೇಕ್ ಹಿಡಿಯಲು ಎರಡು ಸೆಕೆಂಡೂ ಉಳಿಯುವುದಿಲ್ಲ. ಇಪ್ಪತ್ತೈದು ಮೀಟರ್ ಮುಂದಿನ ರಸ್ತೆ ಸ್ಪಷ್ಟವಾಗಿ, ಅದರ ಎರಡೂ ಅಂಚುಗಳು ಮಸುಕಾಗಿಯಾದರೂ ಕಾಣುವಂತಿದ್ದರೆ ನನಗೆ ಸಾಕಾಗಿತ್ತು. ಆದ್ದರಿಂದ ಒಂದೊಂದೇ ಟಾರ್ಚನ್ನು ಅಂಗಡಿಯ ಹಿಂದಿನ ಕತ್ತಲ ಗೋಡೆಗೆ ಹಿಡಿದು, ನಡುವಿನ ಬಿಳಿಚುಕ್ಕೆಯ ಸುತ್ತ ಅಗಲವಾದ ತೆಳುಬೆಳಕೂ ಹರಡುತ್ತಿದ್ದ ಒಂದನ್ನು ಆರಿಸಿದೆ. ಗುಂಡಿ ಒತ್ತಿದಾಗಲೆಲ್ಲ ಪಟಪಟನೆ ಮಿನುಗುವ ಹಂತವನ್ನು ದಾಟಿಯೇ ಹೋಗಬೇಕಾದ ಟಾರ್ಚುಗಳನ್ನು ಬದಿಗಿಟ್ಟೆ. ಎದುರು ಬರುವವರಿಗೆ ಅಂಥ ಹಿಂಸೆ ಮತ್ತೊಂದಿಲ್ಲ.

ಮೋಸವಿದ್ದುದು ಸೆಲ್ಲಿನಲ್ಲಿ. ಟಾರ್ಚಿನೊಡನೆ ಕೊಟ್ಟ 18650 ಸೆಲ್ಲಿನ ಮೇಲೆ 9,800 ಎಂಎಎಚ್ (ಸೆಲ್ಲು ಎಷ್ಟು ವಿದ್ಯುತ್ತನ್ನು ಹಿಡಿದಿಡುತ್ತದೆಂಬುದರ ಅಳತೆ) ಎಂದು ಅಚ್ಚಾಗಿತ್ತು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಗಾತ್ರದ ಒಳ್ಳೆಯ ಸೆಲ್ಲುಗಳೇ ಸುಮಾರು 3,500ರ ಆಸುಪಾಸಿನಲ್ಲಿ ನಿಲ್ಲುವಾಗ ಆ ಅಂಕೆಯನ್ನು ನಂಬುವಂತಿರಲಿಲ್ಲ. ಮನೆಗೆ ತಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 28 ಗ್ರಾಂ ತೂಗಿತು. ಅಸಲಿ ಸೆಲ್ಲು 45 ಗ್ರಾಮಿನಷ್ಟಾದರೂ ಇರಬೇಕು. ಪೂರ್ಣ ಬೆಳಕಿನಲ್ಲಿ ಅದು ನಲವತ್ತು ನಿಮಿಷವೂ ಬಾಳಲಿಲ್ಲ. ಬೇರೊಂದು ಅಂಗಡಿಯಲ್ಲಿ 3,000ದ ಸೆಲ್ಲೊಂದನ್ನು ಬೇರೆಯಾಗಿ ಕೊಂಡು, ಟಾರ್ಚನ್ನು ಮಧ್ಯಮ ಹಂತದಲ್ಲೇ ಉರಿಸತೊಡಗಿದ ಮೇಲೆ ಮೂರು ಗಂಟೆ ದಾಟಿತು. ಬೆಳಕು ಅರ್ಧಕ್ಕಿಳಿದರೂ ಕಣ್ಣಿಗೆ ಅರ್ಧವೆಂದು ಅನಿಸುವುದಿಲ್ಲವೆಂಬುದು ನನ್ನ ಪಾಲಿಗೆ ದೊಡ್ಡ ಉಳಿತಾಯವಾಯಿತು.

ಕಟ್ಟುವುದಕ್ಕೆ ಪಂಕ್ಚರ್ ಅಂಗಡಿಯ ಹಳೆಯ ಟ್ಯೂಬಿನ ಪಟ್ಟಿಯೇ ಸಾಕಾಯಿತು. ರಬ್ಬರು ಜಾರುವುದೂ ಇಲ್ಲ, ಹಂಪಿನ ಮೇಲೆ ಗಡಗಡಿಸುವುದೂ ಇಲ್ಲ. ಆದರೆ ಮೊದಲ ರಾತ್ರಿಯೇ ಎದುರಿನಿಂದ ಬಂದ ಸ್ಕೂಟರಿನವರು ಕಣ್ಣಿಗೆ ಕೈ ಅಡ್ಡ ಹಿಡಿದು ಬೈದರು. ತಪ್ಪು ನನ್ನದೇ. ವಾಹನದ ಡಿಮ್ ದೀಪಕ್ಕಿರುವಂಥ ಮೇಲಂಚಿನ ಮಿತಿ ಟಾರ್ಚಿನ ಬೆಳಕಿಗಿಲ್ಲ, ಅದು ದುಂಡಗೆ ಎಲ್ಲೆಡೆಗೂ ಚೆಲ್ಲುತ್ತದೆ. ಗಾಜಿನ ಮುಂದೆ, ಮೇಲುಗಡೆಗೆ ಚಾಚಿದಂತೆ ಕಪ್ಪು ರಟ್ಟಿನ ಸಣ್ಣ ಮರೆಯೊಂದನ್ನು ಅಂಟಿಸಿ, ಮೂತಿಯನ್ನು ತುಸು ಕೆಳಗೆ ಬಾಗಿಸಿದೆ.

ಈಗಿರುವ ತೊಂದರೆ ಒಂದೇ: ಕರೆಂಟು ಹೋದಾಗಲೆಲ್ಲ ಅಮ್ಮ ಅದನ್ನು ಬಿಚ್ಚಿಕೊಂಡು ಅಡುಗೆಮನೆಗೆ ಒಯ್ಯುತ್ತಾರೆ. ಮತ್ತೆ ಅದೇ ಬಾಗಿಗೆ ಕಟ್ಟಲು ಅನುಕೂಲವಾಗಲೆಂದು ಹ್ಯಾಂಡಲ್ಲಿನ ಮೇಲೂ ಟಾರ್ಚಿನ ಮೇಲೂ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದಿಟ್ಟಿದ್ದೇನೆ.