ತುಪ್ಪದ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಒಂದೇ ಮಳೆ

ಪಾವಗಡ ತಾಲ್ಲೂಕಿನ ಗಡಿಯ ಒಂದು ಹಳ್ಳಿ. ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ಶಾಲೆಯ ತಾರಸಿ ಹತ್ತಿದಾಗ, ಹಿಂದಿನ ಸಂಜೆ ಇಟ್ಟುಬಂದಿದ್ದ ಎರಡೂ ಡಬ್ಬಿಗಳಲ್ಲಿ ನೀರು ನಿಂತಿತ್ತು. ಒಂದು ಅಗಲ ಬಾಯಿಯ ಬಿಸ್ಕತ್ತಿನ ಡಬ್ಬಿ, ಇನ್ನೊಂದು ತುಪ್ಪದ ಸಣ್ಣ ಡಬ್ಬಿ. ಎರಡೂ ಬುಡದಿಂದ ಬಾಯಿವರೆಗೆ ನೆಟ್ಟಗೆ ಒಂದೇ ಅಗಲ.

"ದೊಡ್ಡದ್ರಾಗೆ ಜಾಸ್ತಿ ಬಿದ್ದೈತೆ ಬಿಡಮ್ಮ" ಅಂದರು ಒಬ್ಬರು ತಾತ.

ಐದನೇ ಕ್ಲಾಸಿನ ಹುಡುಗಿ ಸ್ಕೇಲು ಇಳಿಸಿ ಓದಿದಳು. ಇದರಲ್ಲಿ 18 ಮಿಲಿಮೀಟರ್. ಅದರಲ್ಲೂ 18. ತಾತ ನಂಬಲಿಲ್ಲ. ಸ್ಕೇಲನ್ನು ಪಂಚೆಯ ಅಂಚಿನಲ್ಲಿ ಒರೆಸಿ, ತಾವೇ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದರು: "ಹಂಗಾದ್ರೆ ನನ್ ಹೊಲದಾಗೂ ಇಷ್ಟೇ ಎತ್ತರ ನೀರು ನಿಂತಂಗಾತಲ್ಲ?"

ನಾನು ಹನ್ನೆರಡು ವರ್ಷ ಜಲಾನಯನ, ಅಂತರ್ಜಲ ಅಂತ ಹಳ್ಳಿಗಳಲ್ಲಿ ತರಬೇತಿ ಕೊಟ್ಟವಳು. ಅಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಅದಕ್ಕೂ ಮೊದಲಿನ ತರಬೇತಿಗಳನ್ನು ನೆನೆಸಿಕೊಂಡರೆ ಬೇಸರವಾಗುತ್ತದೆ. ಭೂಮಿಯನ್ನು ಸೀಳಿ ತೋರಿಸುವ ಬಣ್ಣದ ಚಾರ್ಟು ಗೋಡೆಗೆ ಹಾಕಿ "ಅಂತರ್ಜಲ ಮರುಪೂರಣ" ಎಂದು ಹೇಳುತ್ತಿದ್ದೆವು. ಗಂಡಸರು ಮುಂದೆ ಕೂತು ತಲೆಯಾಡಿಸುತ್ತಿದ್ದರು. ಹೆಂಗಸರು ಬಾಗಿಲ ಹತ್ತಿರ ನಿಂತು, ತೊಂಬೆಯಲ್ಲಿ ನೀರು ಬಂತೇನೋ ಎಂದು ಆಗಾಗ ಹೊರಗೆ ನೋಡುತ್ತಿದ್ದರು. ಹಾಜರಿ ಪುಸ್ತಕಕ್ಕೆ ಸಹಿ, ಉಪ್ಪಿಟ್ಟು, ಫೋಟೋ. ಮಾರನೇ ವಾರ ಅದೇ ಊರಿಗೆ ಬೋರ್ ಕೊರೆಯುವ ಲಾರಿ ಬಂದಿರುತ್ತಿತ್ತು. ಅವರಿಗೆ ನೀರಿನ ವಿಷಯ ಗೊತ್ತಿಲ್ಲ ಎಂದುಕೊಂಡೇ ನಾವು ಹೋಗುತ್ತಿದ್ದೆವು. ತಪ್ಪು ಅಲ್ಲೇ ಇತ್ತು.

ಮಳೆಯ ಲೆಕ್ಕ ಅವರಲ್ಲಿ ಮೊದಲಿಂದಲೂ ಇದೆ. "ಒಂದು ಹದ ಮಳೆ ಆತು" ಅನ್ನುತ್ತಾರೆ; ತೆಲುಗು ಮಾತಾಡುವ ಮನೆಗಳಲ್ಲಿ ಅದೇ "ಪದುನು". ಬಿತ್ತುವಷ್ಟು ನೆಲ ನೆನೆದಿದೆ ಎಂದು ಅರ್ಥ. ಡಬ್ಬಿ ಇಟ್ಟಮೇಲೆ ಒಂದು ಮುಂಗಾರಿಡೀ ನಾವು ಮಾಡಿದ್ದು ಇಷ್ಟೇ: ಪ್ರತಿ ಮಳೆಯ ಮಾರನೇ ದಿನ ಡಬ್ಬಿಯನ್ನೂ ಓದುವುದು, ಹದವಾಯಿತೋ ಇಲ್ಲವೋ ಎಂದು ಹೊಲದ ಮಣ್ಣು ಕೆದಕಿಯೂ ನೋಡುವುದು. ಆ ಊರಿನ ಕೆಮ್ಮಣ್ಣಿಗೆ 25 ಮಿಲಿಮೀಟರಿನ ಆಸುಪಾಸು ಬಿದ್ದರೆ ಹದ ಎಂದು ಅವರೇ ತೀರ್ಮಾನಿಸಿದರು.

ತಾತನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಮೇಲೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್. ಲೀಟರ್ ಎಂದರೆ ಯಾರ ಕಣ್ಣಿಗೂ ಕಟ್ಟುವುದಿಲ್ಲ. ಆದರೆ ಬೋರಿನ ನೀರಿನಲ್ಲಿರುವ ಫ್ಲೋರೈಡಿನ ದೆಸೆಯಿಂದ ಮನೆಮನೆಗೂ ಶುದ್ಧ ನೀರಿನ ಘಟಕದ 20 ಲೀಟರಿನ ಕ್ಯಾನು ಹೊತ್ತು ಗೊತ್ತು. ಎಕರೆಗೆ 200 ಕ್ಯಾನು. ಒಂದು ಹದ ಮಳೆಗೆ 5,000 ಕ್ಯಾನು! ಅದರಲ್ಲಿ ಆವಿಯಾಗಿ ಹೋಗುವುದು, ಹರಿದು ಹೋಗುವುದು, ಬೆಳೆ ಕುಡಿಯುವುದು ಕಳೆದರೆ, ನಮ್ಮ ಕಡೆಯ ಕಲ್ಲುನೆಲದಲ್ಲಿ ಆಳಕ್ಕೆ ಇಳಿಯುವುದು ನೂರಕ್ಕೆ ಹತ್ತರ ಆಸುಪಾಸು. 500 ಕ್ಯಾನು.

ಎಲ್ಲರೂ ತಾತನ ಬೋರ್ ಹತ್ತಿರ ಹೋದೆವು. 20 ಲೀಟರಿನ ಬಕೆಟ್ ಹತ್ತು ಸೆಕೆಂಡಿಗೆ ತುಂಬಿತು. ತ್ರೀಫೇಸ್ ಕರೆಂಟು ಏಳು ಗಂಟೆ ಇದ್ದರೆ, ಮೋಟಾರು ನಿಲ್ಲಿಸದಿದ್ದರೆ, ದಿನಕ್ಕೆ 2,520 ಕ್ಯಾನು. ಅಂದರೆ ಐದು ಎಕರೆ ಮೇಲೆ ಬಿದ್ದ ಹದ ಮಳೆಯಿಂದ ಒಳಗಿಳಿದ ನೀರು ಒಂದೇ ದಿನಕ್ಕೆ ಖಾಲಿ. ಲೆಕ್ಕವನ್ನು ಇದ್ದಿಲಿನಲ್ಲಿ ಮೋಟಾರು ಮನೆಯ ಗೋಡೆ ಮೇಲೆ ಬರೆದದ್ದು ಅವರ ಸೊಸೆ. ಗಂಡಸರಿಗಿಂತ ಮೊದಲು ಆಕೆಗೇ ಅರ್ಥವಾಗಿತ್ತು.

ಇದೇನೂ ನಮ್ಮ ಕಂಡುಹಿಡಿಕೆಯಲ್ಲ. ಪಕ್ಕದ ಅನಂತಪುರವೂ ಸೇರಿ ಅಂದಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2000ದ ದಶಕದಲ್ಲೇ ರೈತರು ತಾವೇ ಮಳೆ ಅಳೆದರು, ಹದಿನೈದು ದಿನಕ್ಕೊಮ್ಮೆ ಬೋರುಗಳಿಗೆ ಟೇಪು ಬಿಟ್ಟು ನೀರಿನ ಮಟ್ಟ ನೋಡಿದರು, ಹಿಂಗಾರಿಗೆ ಮುಂಚೆ ಊರೆಲ್ಲ ಕೂತು ನೀರಿನ ಬಜೆಟ್, ಅಂದರೆ ಇರುವ ನೀರೆಷ್ಟು, ಬೆಳೆಗೆ ಬೇಕಾದದ್ದೆಷ್ಟು ಎಂಬ ಲೆಕ್ಕ, ಮಾಡಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನೆರವು ಕೊಟ್ಟಿತ್ತು. ನನಗೆ ಬಹಳ ಹಿಡಿಸಿದ್ದು, ಇಂಥ ಬೆಳೆ ಇಡಬೇಡ ಎಂಬ ಕಟ್ಟುಪಾಡು ಅಲ್ಲಿರಲಿಲ್ಲ ಎನ್ನುವುದು. ಒಂದು ಎಕರೆ ಭತ್ತದ ನೀರಿನಲ್ಲಿ ಎರಡು ಎಕರೆ ಕಡಲೆಕಾಯಿ ಆಗುತ್ತದೆ ಎಂಬುದು ಗೋಡೆ ಮೇಲಿರುತ್ತಿತ್ತು. ಏನು ಬೆಳೆಯಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು. 2019ರ ಡಿಸೆಂಬರಿನಲ್ಲಿ ಶುರುವಾದ, ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯಲ್ಲೂ ನಮ್ಮ ರಾಜ್ಯವೂ ಸೇರಿ ಏಳು ರಾಜ್ಯಗಳಲ್ಲಿ ಪಂಚಾಯಿತಿಗೊಂದು ನೀರಿನ ಬಜೆಟ್ ಬಂತು.

ಹಿಂದೆ ಕೆರೆ ನೀರಿಗೆ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎನ್ನುವುದು ಅವನ ಕೈಯಲ್ಲಿತ್ತು. ಕೆರೆಯಾದರೆ ತಗ್ಗಿದ್ದು ದಾರಿಹೋಕನಿಗೂ ಕಾಣುತ್ತದೆ. ಬೋರಿನೊಳಗಿನದು ಕಾಣಬೇಕಾದರೆ ಟೇಪೇ ಬೇಕು. ಅದರ ತುದಿ ನೀರು ಮುಟ್ಟಿದೊಡನೆ ಪೀಂ ಎನ್ನುತ್ತದೆ. ಆ ಸದ್ದಿಗೆ ಕಿವಿಗೊಟ್ಟು ಇಡೀ ಕೇರಿ ಉಸಿರು ಬಿಗಿಹಿಡಿದು ನಿಂತದ್ದನ್ನು ಕಂಡಿದ್ದೇನೆ. ನೀರು 187 ಅಡಿ ಆಳದಲ್ಲಿ. ತಿಂಗಳ ನಂತರ 193.

ಒಂದು ನೋವು ಹೇಳಲೇಬೇಕು. ನಾವಿದ್ದ ಯೋಜನೆ ಮುಗಿದ ತಿಂಗಳು, ಊರಿನವರು ಮೂರು ವರ್ಷ ಬರೆದ ರಿಜಿಸ್ಟರುಗಳನ್ನು ವರದಿಗೆ ಬೇಕೆಂದು ಕಚೇರಿಯವರು ಒಯ್ದರು. ಟೇಪೂ ಹೋಯಿತು. ಒಂದು ಜೆರಾಕ್ಸ್ ಕೂಡ ಊರಲ್ಲಿ ಉಳಿಯಲಿಲ್ಲ. ಆ ಪುಸ್ತಕ ಅವರದು. ಅವರ ಬೆಳಗಿನ ಹೊತ್ತು, ಅವರ ಕೈಬರಹ. ನಾನು ಆ ದಿನ ಗಟ್ಟಿಯಾಗಿ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ.

ಉಳಿದದ್ದು ತಾತನ ಸೊಸೆಯ ನೋಟ್‌ಬುಕ್ ಒಂದೇ. ಮಕ್ಕಳ ಹಳೆಯ ಕಾಪಿಯ ಹಿಂದಿನ ಹಾಳೆಗಳಲ್ಲಿ ಆಕೆ ತನಗೆಂದು ಬರೆದುಕೊಂಡಿದ್ದಳು. ಅದರಲ್ಲಿ ತಿಂಗಳು, ತಾರೀಖು ಇಲ್ಲ. ಮಳೆ ನಕ್ಷತ್ರಗಳ ಹೆಸರುಗಳಿವೆ. "ರೋಹಿಣಿ 22. ಆರಿದ್ರ 9, 14, 31. ಮಘೆ ಇಲ್ಲ." ನಾವು ಅಚ್ಚು ಹಾಕಿಸಿದ್ದ ಫಾರಂನಲ್ಲಿ ಇಂಥ ಒಂದು ಕಾಲಂ ಇರಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಡಬ್ಬಿ ಈಗಲೂ ಅವರ ಮನೆ ತಾರಸಿ ಮೇಲಿದೆ. ಟೇಪಿಗೆ ನಾನೇ ದುಡ್ಡು ಹಾಕಿ ಒಂದು ಕೊಂಡಿಟ್ಟುಕೊಂಡಿದ್ದೇನೆ. ಮೊನ್ನೆ ರಾತ್ರಿ ಆಕೆಯ ಫೋನು: "ಅಕ್ಕಾ, ಹುಬ್ಬೆ ಮಳೆ ಕೈಕೊಡ್ತು, ಬರೀ ಏಳು. ಬೇಸಿಗೆ ಕಡ್ಲೆಕಾಯಿ ಈ ಸಲ ಬ್ಯಾಡ ಅಂತ ಮಾತಾಡಿದ್ವಿ. ಮೂರು ಜನ ಒಪ್ತಾ ಇಲ್ಲ. ಭಾನುವಾರ ಟೇಪು ತಗೊಂಡು ಬರ್ತೀರಾ? ಅವರ ಬೋರಿಗೇ ಬಿಟ್ಟು ನೋಡಾನ."

ಬೆಳಗಿನ ಆರೂವರೆ ಬಸ್ಸಿಗೆ ಹೊರಡುತ್ತಿದ್ದೇನೆ.