ರೇವಾ ನದಿಯ ಮಾಸ್ಟರ್

ಮಾಸ್ಟರ್ ತೀರಿಕೊಂಡರು ಅಂತ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಓದಿದೆ. ಶಾಲೆಯ ಸಂಚಿಕೆಗೆ ಯಾವ ಭಾಷೆಯಲ್ಲಾದರೂ ಬರೆಯಬಹುದಂತೆ, ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಪ್ಪನಿಗೆ ಫಿಜಿಯಲ್ಲಿ ಕೆಲಸ ಸಿಕ್ಕಿ ನೌಸೊರಿಗೆ ಹೋದಾಗ ನಾನು ಹೈಸ್ಕೂಲು ಹುಡುಗ. ಅಲ್ಲಿ ಮೇಷ್ಟ್ರನ್ನು ಎಲ್ಲರೂ ಮಾಸ್ಟರ್ ಅಂತಲೇ ಕರೆಯುತ್ತಾರೆ.

ಅವರು ರೇವಾದವರೇ, ಅಂದರೆ ನೌಸೊರಿ ಪಕ್ಕ ಹರಿಯುವ ರೇವಾ ನದಿಯ ಸೀಮೆಯವರು. ಪಠ್ಯಪುಸ್ತಕದ್ದು ಒಂದೂ ನೆನಪಿಲ್ಲ. ಆದರೆ ನೌಸೊರಿಯ ಸಕ್ಕರೆ ಮಿಲ್ಲು 1959ರಲ್ಲಿ ಯಾಕೆ ಮುಚ್ಚಿತು ಅಂತ ಕೇಳಿ, ಈಗಲೂ ಹೇಳುತ್ತೇನೆ. ಆ ಕಡೆ ಮಳೆ ಜಾಸ್ತಿ, ಕಬ್ಬಿನಲ್ಲಿ ಸಿಹಿ ಕಟ್ಟುವುದಿಲ್ಲ. ಆಮೇಲೆ ಗಿರ್ಮಿಟ್ ಕೂಲಿಗಳ, ಅಂದರೆ ಕರಾರಿನ ಮೇಲೆ ಭಾರತದಿಂದ ಕಬ್ಬಿನ ತೋಟಕ್ಕೆ ಬಂದವರ, ಮೊಮ್ಮಕ್ಕಳು ಭತ್ತ, ತರಕಾರಿ, ಹಾಲಿನ ದನ ಅಂತ ಹೋದರು. ಕೆಳಗೆ ನದಿ ಸಮುದ್ರ ಸೇರುವಲ್ಲಿ ಕಾಂಡ್ಲಾ ಕಾಡು, ಅದರ ಕೆಸರಲ್ಲಿ ಏಡಿ. ನಸಿಲಾಯ್ ಹಳ್ಳಿಯ ಹೆಂಗಸರದ್ದು ಮಡಕೆ ಕೆಲಸ.

ಒಂದು ಮಧ್ಯಾಹ್ನ ನಾವು ನಾಲ್ವರು ಕ್ಲಾಸು ತಪ್ಪಿಸಿ ನದಿಗೆ ಹಾರಿದೆವು. ಹೆಂಗಸರು ಮುಳುಗು ಹಾಕಿ ಕಾಯ್ ಎಂಬ ಚಿಪ್ಪು ಹೆಕ್ಕುತ್ತಿದ್ದರು, ನಾವೂ ಹೆಕ್ಕಿದೆವು, ಎಂಥಾ ಖುಷಿ! ತಲೆ ಎತ್ತಿದರೆ ದಡದಲ್ಲಿ ಮಾಸ್ಟರ್. ಬೆತ್ತ ಎತ್ತಲಿಲ್ಲ. ಆ ಹೆಂಗಸರ ಚೀಲಗಳನ್ನೆಲ್ಲ ಮಾರ್ಕೆಟ್ಟಿನ ತನಕ ನಮ್ಮ ಹೆಗಲಿಗೇ ಹೊರಿಸಿದರು, ದಾರಿಯುದ್ದಕ್ಕೂ ಪಾಠ ಮಾಡಿದರು. 1845ರಲ್ಲಿ ಬಾವ್ ದ್ವೀಪದ ಪಡೆ ರೇವಾವನ್ನು ಸುಟ್ಟು ದೊರೆಯನ್ನು ಕೊಂದಿತು. 1874ರಲ್ಲಿ ಫಿಜಿಯನ್ನು ಬ್ರಿಟಿಷರಿಗೆ ಒಪ್ಪಿಸಿದ ಥಾಕೊಂಬಾವ್ ಆ ಬಾವ್‌ನವನೇ. ತಮ್ಮೂರನ್ನು ಸುಟ್ಟವರ ಕಥೆಯಲ್ಲೂ ಮಾಸ್ಟರ್ ದನಿ ಏರಿಸಲಿಲ್ಲ. ಎರಡೂ ಮನೆತನಗಳು ಬೀಗರು, ಅದಕ್ಕೇ ಜಗಳ ಅಷ್ಟು ಉರಿಯಿತು ಅಂದರು.

ರೇವಾದ ದೊರೆಯ ಪಟ್ಟಕ್ಕೆ ರೋಕೊ ತುಯಿ ಡ್ರೆಕೆತಿ ಅಂತಾರೆ. ರೇವಾ ಸೇರಿದಂತೆ ಹಲವು ಸೀಮೆಗಳು ಕೂಡಿದ ಬುರೆಬಸಾಂಗ ಒಕ್ಕೂಟಕ್ಕೆಲ್ಲ ಅದೇ ದೊಡ್ಡ ಪಟ್ಟ, ಹೆಂಗಸರಿಗೂ ಸಿಗುತ್ತದೆ. 2004ರಲ್ಲಿ ರೋ ಲಾಲಾ ಮಾರಾ ತೀರಿಕೊಂಡ ಮೇಲೆ ತಂಗಿ ರೋ ತೇಮುಮು ಕೆಪಾ ಬಂದರು. ಅವರು ಶಿಕ್ಷಣ ಮಂತ್ರಿಯೂ ಆಗಿದ್ದವರು.

ಈಗಿನ ಮಕ್ಕಳಿಗೆ ನಕ್ಷೆ ಫೋನಿನಲ್ಲೇ ಇದೆ, ಕಾಲಿಗೆ ಮಾತ್ರ ಕೆಸರು ಹತ್ತಲ್ಲ. ಸುಮ್ನೆ ನೋಟ್ಸ್ ಉರು ಹೊಡೆದು ಮಾರ್ಕ್ಸ್ ತಗೊಂಡರೆ ಊರು ಗೊತ್ತಾಗುತ್ತಾ? ನಾನು ನೀರಾವರಿ ಎಂಜಿನಿಯರ್ ಆದೆ, ಒಳ್ಳೆಯ ಹೆಸರೂ ಬಂತು. ಯಾವ ನದಿಗೆ ಹೋದರೂ ಇಲ್ಲಿನವರು ಏನು ತಿನ್ನುತ್ತಾರೆ ಅಂತ ಮೊದಲು ಕೇಳುವವನು ನಾನೇ. ಅದನ್ನು ಕಲಿಸಿದ್ದು ಮಾಸ್ಟರ್.

ಪ್ರಾಂಶುಪಾಲರೇ, ಈ ವರ್ಷ ಮಕ್ಕಳನ್ನು ದೋಣಿಯಲ್ಲಿ ನಸಿಲಾಯ್‌ಗೆ ಕರೆದುಕೊಂಡು ಹೋಗಿ. 1884ರಲ್ಲಿ ಗಿರ್ಮಿಟ್ ಕೂಲಿಗಳ ‘ಸಿರಿಯಾ’ ಹಡಗು ಅಲ್ಲಿನ ಹವಳದ ದಿಬ್ಬಕ್ಕೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಮಕ್ಕಳು ಅಲ್ಲೇ ನಿಂತು ಕೇಳಲಿ. ದೋಣಿ ಬಾಡಿಗೆ ನಾನು ಕೊಡುತ್ತೇನೆ.