ಕಾಣಿಕೆ ಚೀಲದ ಲೆಕ್ಕ

ಕ್ಯಾಥೊಲಿಕ್ ಚರ್ಚಿನಾಗ ರವಿವಾರ ಪೂಜೆ ಮುಗದ ಮ್ಯಾಲೆ ಕಾಣಿಕೆ ಎಣಿಸೂದು ಒಬ್ಬರ ಕೆಲಸ ಅಲ್ಲ. ಒಂದ ಮನಿಯವರಲ್ಲದ ಇಬ್ಬರು ಕುಂತು, ನೋಟು ಚಿಲ್ಲರೆ ಬ್ಯಾರೆ ಮಾಡಿ ಎಣಿಸಿ, ಚೀಟಿಗೆ ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ತುಂಬಬೇಕು. ಲೆಕ್ಕ ತಪ್ಪಾಕ ಕಳ್ಳತನಾನ ಆಗಬೇಕಂತಿಲ್ಲ; ಚೀಲದಾಗಿನ ರೊಕ್ಕದಾಗ ಹೂವಿನವರಿಗೆ, ಕರೆಂಟಿನವರಿಗೆ ಕೊಟ್ಟು ಉಳದದ್ದಷ್ಟ ತುಂಬಿದ್ರೂ ಲೆಕ್ಕ ತಪ್ಪತೈತಿ. ಪೂರಾ ತುಂಬ್ರಿ, ಖರ್ಚಿಗೆ ವೋಚರ್ ಬರದು ಬ್ಯಾರೆ ತಗೀರಿ.

ಹುಬ್ಬಳ್ಳಿ-ಧಾರವಾಡ ಬೆಳಗಾವಿ ಧರ್ಮಪ್ರಾಂತ್ಯಕ್ಕ (ಬಿಷಪ್ಪರ ಆಡಳಿತದ ಕ್ಷೇತ್ರಕ್ಕ) ಸೇರಿದ್ದು. ಇಲ್ಲೂ 1983ರ ಕ್ಯಾಥೊಲಿಕ್ ಧರ್ಮಸಭೆ ಕಾನೂನಿನ 537ನೇ ನಿಯಮದಂಗ ಪ್ರತಿ ಧರ್ಮಕೇಂದ್ರಕ್ಕ (ಒಬ್ಬ ಫಾದರ್ ನೋಡಕೊಳ್ಳೂ ಚರ್ಚಿಗೆ) ಹಣಕಾಸು ಸಮಿತಿ ಬೇಕ ಬೇಕು. 1267ನೇ ನಿಯಮದ ಪ್ರಕಾರ ಗಂಟಿಗಂತ ಕೊಟ್ಟ ರೊಕ್ಕ ಗ್ವಾಡಿ ಬಣ್ಣಕ್ಕ ಹೋಗಂಗಿಲ್ಲ. ಜಗತ್ತಿನ ಮಿಷನ್ ಕೆಲಸಕ್ಕಂತ ಎತ್ತೂ ಅಕ್ಟೋಬರ್ ಮಿಷನ್ ರವಿವಾರದ ಕಾಣಿಕೆ ಅಂತೂ ಊರಾಗ ಇಟ್ಕೊಳ್ಳೂದ ಅಲ್ಲ.

ಮದುವ್ಯಾಗ ಮುಯ್ಯಿ ಬರಕೊಳ್ಳಾಕ ಇಬ್ಬರನ್ನ ಕುಂದ್ರಸ್ತೀವಿ, ಚರ್ಚಿನ ರೊಕ್ಕ ಮಾತ್ರ ಪೂರಾ ಫಾದರ್ ತಲಿಮ್ಯಾಲೆ ಯಾಕ ಹಾಕ್ತೀವೋ!